ಕೆಮಿಸ್ಟ್ರಿ ಓದು ಎಷ್ಟು ಸಾಲ ತಾಳುತ್ತದೆ?

ಹಸು ಕೊಳ್ಳುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಪ್ರಶ್ನೆ ಕೇಳುತ್ತೇವೆ ನೋಡಿ. ಎಷ್ಟನೇ ಸೂಲು? ಹೊತ್ತಿಗೆ ಎಷ್ಟು ಲೀಟರ್? ಬೂಸಾ, ಹಿಂಡಿಗೆ ಎಷ್ಟು ಹೋಗುತ್ತೆ? ಡೈರಿಯಲ್ಲಿ ಫ್ಯಾಟ್ ಎಷ್ಟು ಬರುತ್ತೆ? ತಂದ ಸಾಲ ಎಷ್ಟು ಬಟವಾಡೆಯಲ್ಲಿ ತೀರುತ್ತೆ? ಇಷ್ಟೆಲ್ಲ ಕೇಳಿ, ಎರಡು ಸಲ ಹೋಗಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡುತ್ತೇವೆ.

ಅದೇ ಮನೆಯವರು ಮೂರು ಲಕ್ಷ ಸಾಲ ಮಾಡಿ ಮಗಳನ್ನೋ ಮಗನನ್ನೋ ಬೆಂಗಳೂರಿನ ಕಾಲೇಜಿಗೆ ಬಿಎಸ್ಸಿಗೆ ಸೇರಿಸುವಾಗ ಕೇಳುವುದು ಒಂದೇ ಪ್ರಶ್ನೆ: "ಕಾಲೇಜು ಚೆನ್ನಾಗಿದೆಯಾ?"

ಓದನ್ನು ಹಸುವಿಗೆ ಹೋಲಿಸಬಾರದು ಅನ್ನುವವರು ಇದ್ದಾರೆ. ಓದಿನ ಬೆಲೆ ರೂಪಾಯಿಯಲ್ಲಿ ಅಳೆಯುವುದಲ್ಲ, ನಿಜ. ಆದರೆ ಸಾಲದ ಬೆಲೆಯನ್ನು ರೂಪಾಯಿಯಲ್ಲೇ ಅಳೆಯಬೇಕು. ಕಂತು ಕಟ್ಟುವ ದಿನ ಬ್ಯಾಂಕಿನವರು ಜ್ಞಾನ ಎಷ್ಟು ಬಂತು ಎಂದು ಕೇಳುವುದಿಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೆಮಿಸ್ಟ್ರಿ ಒಳ್ಳೆಯ ಓದು. ಕೆಲಸವೂ ಇದೆ. ಆದರೆ ಬಿಎಸ್ಸಿ ಕೆಮಿಸ್ಟ್ರಿ ದೊಡ್ಡ ಸಾಲ ಹೊರುವ ಓದಲ್ಲ. ಮೊದಲ ಮೂರು ವರ್ಷ ಸಾಲವಿಲ್ಲದೆ ಓದಿ. ಸಾಲ ಮಾಡಲೇಬೇಕಾದರೆ ಅದನ್ನು ಎಂಎಸ್ಸಿಗೆ ಉಳಿಸಿಕೊಳ್ಳಿ. ಯಾಕೆ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇವೆ. ನಮ್ಮ ಅಂಕಿ ಒಪ್ಪದಿದ್ದರೆ ನಿಮ್ಮ ಅಂಕಿ ಹಾಕಿಕೊಂಡು ನೋಡಿ, ವಿಧಾನ ಅದೇ.

ಯಾರಿಗಾಗಿ ಈ ಲೆಕ್ಕ

ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ತುಮಕೂರು ಕಡೆಯ ಮಕ್ಕಳಿಗೆ ಬೆಂಗಳೂರು ಅಂದರೆ ಮೊದಲು ಸಿಗುವುದು ಉತ್ತರದ ಬೆಂಗಳೂರು. ರೈಲು ಯಲಹಂಕ, ಯಶವಂತಪುರದಲ್ಲಿ ಇಳಿಸುತ್ತದೆ. ಬಸ್ಸು ಹೆಬ್ಬಾಳದ ಮೇಲ್ಸೇತುವೆ ಹತ್ತಿಸುತ್ತದೆ. ಕಾಲೇಜು ಯಲಹಂಕದಲ್ಲೋ ಮತ್ತಿಕೆರೆಯಲ್ಲೋ, ಪಿಜಿ ಆರ್.ಟಿ. ನಗರದಲ್ಲೋ ಹೆಬ್ಬಾಳದಲ್ಲೋ. ಪಿಯುಸಿ ಸೈನ್ಸ್‌ನಲ್ಲಿ ಪಾಸಾಗಿ, ಸಿಇಟಿ, ನೀಟ್‌ನಲ್ಲಿ ಬೇಕಾದ ರ‍್ಯಾಂಕ್ ಬಾರದೆ ಬಿಎಸ್ಸಿ ಕಡೆ ನೋಡುತ್ತಿರುವ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇವೆ. ಇಷ್ಟಪಟ್ಟೇ ಕೆಮಿಸ್ಟ್ರಿ ಆರಿಸಿಕೊಂಡವರಿಗೂ ಇದೇ ಲೆಕ್ಕ.

ಒಂದು ವಿಷಯ ಮೊದಲೇ ಗೊತ್ತಿರಲಿ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಬಂದಿದ್ದ ನಾಲ್ಕು ವರ್ಷದ ಪದವಿಯನ್ನು ಸರ್ಕಾರ ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದಿದೆ. ಅಂದರೆ ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಒಂಟಿಯಾಗಿ ಬರುವುದಿಲ್ಲ. ಫಿಸಿಕ್ಸ್, ಮ್ಯಾಥ್ಸ್ ಜೊತೆಗೋ ಬಾಟನಿ, ಜುವಾಲಜಿ ಜೊತೆಗೋ ಬರುತ್ತದೆ. ಕಂಪನಿಯ ಕಣ್ಣಲ್ಲಿ ಬಿಎಸ್ಸಿ ಮುಗಿಸಿದವರು ಲ್ಯಾಬಿಗೆ ಕಾಲಿಡಬಲ್ಲವರು. ಪೂರ್ತಿ ಕೆಮಿಸ್ಟ್ ಅನ್ನಿಸಿಕೊಳ್ಳುವುದು ಎಂಎಸ್ಸಿ ಆದಮೇಲೆ. ಈ ಒಂದು ಮಾತಿನ ಮೇಲೇ ಮುಂದಿನ ಲೆಕ್ಕವೆಲ್ಲ ನಿಂತಿದೆ.

ಸಾಲ ಬೆಳೆಯುವ ಬಗೆ

ಬ್ಯಾಂಕಿನ ಶಿಕ್ಷಣ ಸಾಲದ ನಿಯಮ ಸರಳವಾಗಿದೆ. 4 ಲಕ್ಷದವರೆಗೆ ಜಮೀನು, ಮನೆ ಯಾವುದನ್ನೂ ಅಡ ಕೇಳುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ಸೂಚನೆ. ಓದುವಷ್ಟು ವರ್ಷ ಮತ್ತು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನು ಬ್ಯಾಂಕಿನವರು ಮೊರಟೋರಿಯಂ ಅನ್ನುತ್ತಾರೆ. ಆಮೇಲೆ 15 ವರ್ಷದವರೆಗೂ ಕಂತು ಮಾಡಿಕೊಳ್ಳಬಹುದು.

ಇಲ್ಲೇ ಹಲವರು ಮೋಸ ಹೋಗುವುದು. ಕಂತು ಇಲ್ಲ ಅಂದರೆ ಬಡ್ಡಿಯೂ ಇಲ್ಲ ಅಂದುಕೊಳ್ಳುತ್ತಾರೆ. ಕಂತು ನಿಂತಿರುತ್ತದೆ, ಬಡ್ಡಿ ನಡೆಯುತ್ತಲೇ ಇರುತ್ತದೆ.

ಖಾಸಗಿ ಕಾಲೇಜಿನ ಫೀಸು, ಪಿಜಿ, ಊಟ ಸೇರಿ ವರ್ಷಕ್ಕೆ 1 ಲಕ್ಷದಂತೆ ಮೂರು ವರ್ಷಕ್ಕೆ 3 ಲಕ್ಷ ಸಾಲ ತೆಗೆದಿರಿ ಅಂದುಕೊಳ್ಳಿ. ಬಡ್ಡಿ ವರ್ಷಕ್ಕೆ ನೂರಕ್ಕೆ 10.

ಮೊದಲ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 40,000. ಎರಡನೇ ಲಕ್ಷಕ್ಕೆ ಮೂರು ವರ್ಷದ್ದು 30,000. ಮೂರನೆಯದಕ್ಕೆ ಎರಡು ವರ್ಷದ್ದು 20,000. ಒಟ್ಟು 90,000. ಅಂದರೆ ಮೊದಲ ಕಂತು ಕಟ್ಟುವ ಹೊತ್ತಿಗೆ ನಿಮ್ಮ ಸಾಲ 3 ಲಕ್ಷವಲ್ಲ, 3 ಲಕ್ಷ 90 ಸಾವಿರ.

ಅದನ್ನು ಏಳು ವರ್ಷಕ್ಕೆ ಕಂತು ಮಾಡಿದರೆ ತಿಂಗಳಿಗೆ ಸುಮಾರು 6,500 ರೂಪಾಯಿ. ಏಳು ವರ್ಷ ಮುಗಿಯುವಾಗ ನೀವು ಕಟ್ಟಿರುವುದು ಸುಮಾರು 5 ಲಕ್ಷ 44 ಸಾವಿರ. ಕಂತು ಜಾಸ್ತಿಯಾಯಿತು ಎಂದು 15 ವರ್ಷಕ್ಕೆ ಎಳೆದರೆ ತಿಂಗಳಿಗೆ ಸುಮಾರು 4,200ಕ್ಕೆ ಇಳಿಯುತ್ತದೆ. ಆದರೆ ಒಟ್ಟು ಕಟ್ಟುವುದು 7 ಲಕ್ಷ 54 ಸಾವಿರ. 21ಕ್ಕೆ ಪದವಿ ಮುಗಿಸಿದವಳಿಗೆ ಸಾಲ ತೀರುವಾಗ 37 ವರ್ಷ.

ಇದು ಬ್ಯಾಂಕಿನ ಲೆಕ್ಕ. ಬ್ಯಾಂಕಿಗೆ ಅಲೆಯುವುದು ಯಾಕೆ ಎಂದು ಕೈಸಾಲ ತೆಗೆಯುವವರೂ ಇದ್ದಾರೆ. ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೇಳಲು ಚಿಕ್ಕದು. ಅದು ತಿಂಗಳ ಲೆಕ್ಕ, ವರ್ಷಕ್ಕೆ ನೂರಕ್ಕೆ 24 ಆಗುತ್ತದೆ. ಹೀಗೆ ವರ್ಷಕ್ಕೊಂದು ಲಕ್ಷ ತಂದರೆ, ಓದು ಮುಗಿಯುವ ಮೂರು ವರ್ಷದಲ್ಲಿ ಬಡ್ಡಿಯೊಂದೇ 1 ಲಕ್ಷ 44 ಸಾವಿರ. ಅಸಲು 3 ಲಕ್ಷ ಹಾಗೇ ಕೂತಿರುತ್ತದೆ. ಓದಿಗೆ ಕೈಸಾಲ ಬೇಡವೇ ಬೇಡ ಎಂಬುದರಲ್ಲಿ ನಮಗೆ ಎರಡನೇ ಮಾತಿಲ್ಲ.

ಸಂಬಳದಲ್ಲಿ ಉಳಿಯುವುದೆಷ್ಟು

ಈಗ ಇನ್ನೊಂದು ಕಡೆ ನೋಡೋಣ. ಬಿಎಸ್ಸಿ ಮುಗಿಸಿದ ಹುಡುಗನಿಗೆ ಔಷಧ ಕಂಪನಿಯ ಕ್ಯೂಸಿ ಲ್ಯಾಬಿನಲ್ಲೋ, ಪ್ರೊಡಕ್ಷನ್‌ನಲ್ಲೋ ಕೆಲಸ ಸಿಕ್ಕಿತು ಅಂದುಕೊಳ್ಳಿ. ಕೈಗೆ 17,000 ಬರುತ್ತದೆ ಎಂದು ಹಿಡಿಯೋಣ. ಕೈಗೆ ಬರುವುದು ಎಂಬ ಮಾತು ಮುಖ್ಯ. ಆಫರ್ ಲೆಟರ್‌ನಲ್ಲಿ ಸಿಟಿಸಿ ಎಂದು ಬರೆದಿರುವ ದೊಡ್ಡ ಅಂಕಿಯಲ್ಲಿ ಕಂಪನಿ ಕಟ್ಟುವ ಪಿಎಫ್ ಕೂಡ ಸೇರಿರುತ್ತದೆ. ನಿಮ್ಮ ಬೇಸಿಕ್‌ನಲ್ಲಿ ನೂರಕ್ಕೆ 12 ಪಿಎಫ್‌ಗೆ ಹೋಗುತ್ತದೆ. ಸಂಬಳ 21,000ದೊಳಗೆ ಇದ್ದರೆ ಇಎಸ್‌ಐ ಕೂಡ ಕಡಿತವಾಗುತ್ತದೆ. ಪಿಎಫ್ ನಿಮ್ಮದೇ ದುಡ್ಡು, ಆದರೆ ಅದರಿಂದ ಈ ತಿಂಗಳ ಕಂತು ಕಟ್ಟಲಾಗುವುದಿಲ್ಲ.

17,000ದಲ್ಲಿ ಊಟ ಸೇರಿ ಪಿಜಿಗೆ 7,000. ಬಸ್ಸು, ಮೊಬೈಲು, ಕಾಫಿ-ತಿಂಡಿ, ಊರಿಗೆ ಹೋಗಿಬರುವುದಕ್ಕೆ 3,000. ಬಟ್ಟೆ, ಔಷಧಿ, ಸೋಪು-ಪೇಸ್ಟು ಎಂದು 1,500. ಉಳಿಯುವುದು 5,500.

ಕಂತು 6,500. ಉಳಿಯುವುದು 5,500. ಪ್ರತಿ ತಿಂಗಳು 1,000 ರೂಪಾಯಿ ಊರಿನಿಂದಲೇ ಹೋಗಬೇಕು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅಪ್ಪ ಇಲ್ಲಿ ಹಾಲಿನ ಬಟವಾಡೆಯಲ್ಲಿ ಅವನ ಕಂತು ತುಂಬಿಸುತ್ತಿದ್ದಾನೆ. ಹೊರಗಿನವರಿಗೆ ಇದು ಕಾಣುವುದಿಲ್ಲ. "ನಿಮ್ಮ ಹುಡುಗ ಬೆಂಗಳೂರಲ್ಲಿ ಸೆಟ್ಲ್ ಆದ ಬಿಡಿ" ಅನ್ನುತ್ತಾರೆ.

ಕೆಲಸವೂ ಓದು ಮುಗಿದ ಮಾರನೇ ದಿನವೇ ಸಿಗುತ್ತದೆ ಅಂತಿಲ್ಲ. ಹಲವರು ಮೊದಲ ವರ್ಷ ಅಪ್ರೆಂಟಿಸ್ ಆಗಿಯೇ ಸೇರುತ್ತಾರೆ. ಪದವೀಧರ ಅಪ್ರೆಂಟಿಸ್‌ಗೆ 2019ರಲ್ಲಿ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000. ಅದು ಪಿಜಿಗೂ ಬಸ್ಸಿಗೂ ಸರಿಹೋಗುತ್ತದೆ. ಹೊತ್ತಿಗೆ ಮೊರಟೋರಿಯಂನ ಆ ಒಂದು ವರ್ಷವೂ ಮುಗಿದಿರುತ್ತದೆ.

ಹಾಗಾದರೆ ಎಷ್ಟು ಸಾಲ ತಾಳುತ್ತದೆ? ನಾವು ಇಟ್ಟುಕೊಂಡಿರುವ ಅಳತೆ ಇದು. ಖರ್ಚು ಕಳೆದು ಉಳಿಯುವುದರಲ್ಲಿ ಅರ್ಧ ಮನೆಗೆ, ಅರ್ಧ ಕಂತಿಗೆ. ಅದಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು. ಯಾಕೆಂದರೆ ಓದಿಸಿದ ಮನೆಯಲ್ಲಿ ಇನ್ನೂ ಓದಬೇಕಾದ ತಂಗಿಯೋ ತಮ್ಮನೋ ಇರುತ್ತಾರೆ. 5,500ರಲ್ಲಿ ಅರ್ಧ ಅಂದರೆ 2,750. ಏಳು ವರ್ಷ ತಿಂಗಳಿಗೆ 2,750 ಕಟ್ಟಿದರೆ ತೀರುವ ಸಾಲ ಎಷ್ಟು ಎಂದು ಹಿಂದಕ್ಕೆ ಲೆಕ್ಕ ಹಾಕಿದರೆ, ಓದುವಾಗ ತೆಗೆಯಬಹುದಾದದ್ದು ಸುಮಾರು ಒಂದೂಕಾಲು ಲಕ್ಷ. ಮೂರೂ ವರ್ಷಕ್ಕೆ ಸೇರಿ ಅಷ್ಟೇ.

ಬಿಎಸ್ಸಿ ಕೆಮಿಸ್ಟ್ರಿ ಹೊರುವ ಭಾರ ಇಷ್ಟು. ಮೂರು ಲಕ್ಷ ಹೇರಿದರೆ ಎತ್ತು ಮಲಗುತ್ತದೆ.

ಕೆಲಸ ಎಲ್ಲಿದೆ, ಮನೆ ಎಲ್ಲಿದೆ

ಉತ್ತರ ಬೆಂಗಳೂರಿನಲ್ಲಿ ಕೆಮಿಸ್ಟ್ರಿ ಕೆಲಸ ಇಲ್ಲವೇ? ಇದೆ. ಪೀಣ್ಯದಲ್ಲಿ ಸರ್ಕಾರಿ ವಲಯದ ಕರ್ನಾಟಕ ಆಂಟಿಬಯೋಟಿಕ್ಸ್ ಇದೆ. ತುಮಕೂರು ರಸ್ತೆಯ ಮಾಕಳಿಯಲ್ಲಿ ಹಿಮಾಲಯ ಇದೆ. ಯಶವಂತಪುರದ ಪಕ್ಕದಲ್ಲೇ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ ಇದೆ. ಯಲಹಂಕದಲ್ಲಿ ಕೆಎಂಎಫ್‌ನ ಮದರ್ ಡೈರಿ ಇದೆ. ನಮ್ಮೂರ ಡೈರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ನೋಡುವುದೂ ಕೆಮಿಸ್ಟ್ರಿಯೇ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶ ಇದೆ. ಹೆಬ್ಬಾಳ-ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರು ನಮ್ಮ ಕೆರೆಗಳಿಗೇ ಬರುತ್ತಿದೆ. ಆ ನೀರನ್ನು ಪರೀಕ್ಷಿಸುವುದಕ್ಕೂ ಕೆಮಿಸ್ಟ್ರಿ ಓದಿದವರೇ ಬೇಕು.

ಆದರೆ ಔಷಧ ಮತ್ತು ಸಂಶೋಧನೆಯ ದೊಡ್ಡ ಕಂಪನಿಗಳ ದಂಡು ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಬೊಮ್ಮಸಂದ್ರ, ಜಿಗಣಿಯಲ್ಲಿ. ಯಲಹಂಕದಿಂದ ಅಲ್ಲಿಗೆ ಹೋಗುವುದೆಂದರೆ ಇಡೀ ಬೆಂಗಳೂರನ್ನು ದಾಟಬೇಕು. ಅದೂ ಶಿಫ್ಟ್ ಕೆಲಸ. ರಾತ್ರಿ ಪಾಳಿ ಮುಗಿಸಿ ದೊಡ್ಡಬಳ್ಳಾಪುರಕ್ಕೆ ದಿನಾ ಬರಲಾಗುವುದಿಲ್ಲ. ಅಂದರೆ ಓದುವಾಗ ಊರಿನಿಂದ ಓಡಾಡಿ ಉಳಿಸಿದವರಿಗೂ ಕೆಲಸಕ್ಕೆ ಸೇರಿದ ಮೇಲೆ ಪಿಜಿ ಖರ್ಚು ತಪ್ಪದು. ಸಂಬಳ ಕೇಳುವಾಗ ಕೆಲಸ ಎಲ್ಲಿ ಎಂಬುದನ್ನೂ ಕೇಳಿ. ಮನೆಯಿಂದ ಓಡಾಡುವ 15,000, ಪಿಜಿಯಲ್ಲಿದ್ದು ದುಡಿಯುವ 19,000ಕ್ಕಿಂತ ಹೆಚ್ಚು ಉಳಿಸಬಲ್ಲದು.

ಸಾಲವನ್ನು ಕೊನೆಗೆ ಇಟ್ಟುಕೊಳ್ಳಿ

ಈಗ ಇನ್ನೊಂದು ದಾರಿಯ ಲೆಕ್ಕ. ಬಿಎಸ್ಸಿಯನ್ನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದುವುದು. ಯಲಹಂಕದಲ್ಲೂ ಇದೆ, ನಿಮ್ಮ ತಾಲ್ಲೂಕಿನಲ್ಲೂ ಸಾಮಾನ್ಯವಾಗಿ ಇರುತ್ತದೆ. ಸೈನ್ಸ್ ವಿಭಾಗ ಇದೆಯೇ, ಲ್ಯಾಬ್ ನಡೆಯುತ್ತದೆಯೇ ಎಂದು ಮೊದಲು ಹೋಗಿ ನೋಡಿಕೊಳ್ಳಿ. ಫೀಸು ಖಾಸಗಿಯ ಒಂದು ಸಣ್ಣ ಪಾಲು. ರೈಲಿನ ಸೀಸನ್ ಪಾಸ್ ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸೇ ಉಚಿತ. ಮೂರು ವರ್ಷದ ಓಡಾಟ, ಪುಸ್ತಕದ ಖರ್ಚನ್ನು ಸಾಲವಿಲ್ಲದೆ ತೂಗಿಸಬಹುದು.

ಆಮೇಲೆ ಎಂಎಸ್ಸಿಗೆ 1 ಲಕ್ಷ 20 ಸಾವಿರ ಸಾಲ. ವರ್ಷಕ್ಕೆ 60,000ದಂತೆ ಎರಡು ವರ್ಷ, ಅದೇ ನೂರಕ್ಕೆ 10 ಬಡ್ಡಿ. ಕಂತು ಶುರುವಾಗುವಾಗ ಅದು 1 ಲಕ್ಷ 50 ಸಾವಿರ ಆಗಿರುತ್ತದೆ. ಐದು ವರ್ಷಕ್ಕೆ ಕಂತು ಮಾಡಿದರೆ ತಿಂಗಳಿಗೆ ಸುಮಾರು 3,200. ಒಟ್ಟು ಕಟ್ಟುವುದು 1 ಲಕ್ಷ 91 ಸಾವಿರ. ಎಂಎಸ್ಸಿಯವರ ಸಂಬಳ ಕೈಗೆ 22,000 ಎಂದು ಹಿಡಿದರೆ, ಅದೇ 11,500 ಖರ್ಚು ಕಳೆದು ಉಳಿಯುವುದು 10,500. ಅದರಲ್ಲಿ 3,200 ಕಂತಿಗೆ. ಅರ್ಧದ ಅಳತೆಗಿಂತ ಎಷ್ಟೋ ಕೆಳಗೆ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಎಂಎಸ್ಸಿಗೆ ಹೋದರೆ ಎರಡು ವರ್ಷದ ಸಂಬಳ ತಪ್ಪುತ್ತದೆ. ಬಿಎಸ್ಸಿ ಕೆಲಸದಲ್ಲಿ ತಿಂಗಳಿಗೆ 5,500 ಉಳಿಯುತ್ತಿತ್ತು ಅಂದರೆ ಎರಡು ವರ್ಷಕ್ಕೆ 1 ಲಕ್ಷ 32 ಸಾವಿರ. ಅದನ್ನೂ ಸಾಲದ ಜೊತೆ ಸೇರಿಸಿದರೆ ಎಂಎಸ್ಸಿಯ ನಿಜವಾದ ಖರ್ಚು 3 ಲಕ್ಷ 23 ಸಾವಿರ. ತಿಂಗಳಿಗೆ 5,000 ಸಂಬಳ ಹೆಚ್ಚು ಬಂದರೆ ಅದು ವಾಪಸ್ಸಾಗಲು ಹತ್ತಿರ ಹತ್ತಿರ ಐದೂವರೆ ವರ್ಷ. ಎಂಎಸ್ಸಿ ಕೂಡ ಮಾಯಾದೀಪವಲ್ಲ. ಆದರೆ ಅದು ಬಿಎಸ್ಸಿ ತೆರೆಯದ ಬಾಗಿಲುಗಳನ್ನು ತೆರೆಯುತ್ತದೆ. ಪಿಯು ಉಪನ್ಯಾಸಕರಾಗಲು ಎಂಎಸ್ಸಿ ಜೊತೆ ಬಿ.ಇಡಿ ಬೇಕು. ಡಿಗ್ರಿ ಕಾಲೇಜಿಗೆ ಎಂಎಸ್ಸಿ ಜೊತೆ ನೆಟ್ ಅಥವಾ ಕೆಸೆಟ್ ಬೇಕು. ಲ್ಯಾಬಿನಲ್ಲಿ ಮೇಲಿನ ಹುದ್ದೆಗೆ ಏರಲೂ ಎಂಎಸ್ಸಿಯನ್ನೇ ಕೇಳುತ್ತಾರೆ.

ಬಿಎಸ್ಸಿ ಆದಮೇಲೆ ಬಿ.ಇಡಿ ಮಾಡಿ ಹೈಸ್ಕೂಲ್ ಮೇಷ್ಟ್ರಾಗುವ ದಾರಿಯೂ ಇದೆ. ಅದು ಒಳ್ಳೆಯದೇ. ಆದರೆ ನೇಮಕಾತಿ ಯಾವಾಗ ಕರೆಯುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ, ಕಂತಿನ ತಾರೀಖು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಸರ್ಕಾರಿ ಕಾಲೇಜುಗಳಲ್ಲಿ ವರ್ಷವರ್ಷವೂ ನವೀಕರಣಕ್ಕೆ ಕಾಯುವ ಅತಿಥಿ ಉಪನ್ಯಾಸಕರನ್ನು ನೋಡಿದರೆ ಇದು ಅರ್ಥವಾಗುತ್ತದೆ. ಸರ್ಕಾರಿ ಕೆಲಸ ಸಿಕ್ಕೇ ಸಿಗುತ್ತದೆ ಎಂಬ ಲೆಕ್ಕದ ಮೇಲೆ ಸಾಲ ಮಾಡಬೇಡಿ.

ಓದಿಗೆ ದುಡ್ಡು ಕೊಡುವ ಜಾಗಗಳು

ಕೆಮಿಸ್ಟ್ರಿಯಲ್ಲಿ ಒಂದು ವಿಶೇಷ ಇದೆ. ಮೇಲೆ ಹೋದಹಾಗೆ ಓದಿಗೆ ನಾವು ದುಡ್ಡು ಕೊಡುವುದು ನಿಂತು, ಅವರೇ ನಮಗೆ ಕೊಡುವುದು ಶುರುವಾಗುತ್ತದೆ. ಇದು ನಮ್ಮ ಹಳ್ಳಿಗಳಿಗೆ ಸರಿಯಾಗಿ ತಲುಪಿಲ್ಲ.

ಯಲಹಂಕದ ಪಕ್ಕ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. 1989ರಲ್ಲಿ ಶುರುವಾದದ್ದು. ಕಟ್ಟಿದವರು ಸಿ.ಎನ್.ಆರ್. ರಾವ್, ನಮ್ಮ ಬೆಂಗಳೂರಿನವರೇ, ಭಾರತ ರತ್ನ ಪಡೆದ ಕೆಮಿಸ್ಟ್ರಿ ವಿಜ್ಞಾನಿ. ಯಶವಂತಪುರದ ಹತ್ತಿರ 1909ರ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಬಿಎಸ್ಸಿ ಮುಗಿಸಿದವರು ಜ್ಯಾಮ್ ಎಂಬ ಪರೀಕ್ಷೆ ಬರೆದು ಇಂಥ ಕಡೆ ನೇರವಾಗಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರಬಹುದು. ಸೇರಿದವರಿಗೆ ಪ್ರತಿ ತಿಂಗಳೂ ಫೆಲೋಶಿಪ್ ಸಿಗುತ್ತದೆ. ಎಂಎಸ್ಸಿ ಮುಗಿಸಿ ನೆಟ್‌ನಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ನಂತರ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಬಿಎಸ್ಸಿ ಕೆಲಸದ ಸಂಬಳಕ್ಕೆ ನಾವು ಹಿಡಿದ ಅಂಕಿಯ ಎರಡರಷ್ಟು.

ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಎಲ್ಲರಿಗೂ ಸಿಗುವುದಿಲ್ಲ. ಆದರೆ ಇದರ ಗೇಟಿನ ಮುಂದೆಯೇ ಬಿಎಂಟಿಸಿ ಬಸ್ಸಿನಲ್ಲಿ ಹೋಗುವ ಹಳ್ಳಿಯ ಹುಡುಗಿಗೆ ಈ ಪರೀಕ್ಷೆಯ ಹೆಸರೂ ಗೊತ್ತಿಲ್ಲದಿದ್ದರೆ ಅದು ನಮ್ಮ ಕಾಲೇಜುಗಳ ಸೋಲು. ಬಿಎಸ್ಸಿ ಮೊದಲ ವರ್ಷದಲ್ಲೇ ಜ್ಯಾಮ್ ಬಗ್ಗೆ ಮೇಷ್ಟ್ರನ್ನು ಕೇಳಿ.

ಸಣ್ಣ ಮೊತ್ತಗಳನ್ನೂ ಬಿಡಬೇಡಿ. ವಿದ್ಯಾಸಿರಿಯಲ್ಲಿ ಹಾಸ್ಟೆಲ್ ಸಿಗದ ಅರ್ಹ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಅಂದರೆ ವರ್ಷಕ್ಕೆ 15,000. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ವಿದ್ಯಾರ್ಥಿವೇತನ ವರ್ಷಕ್ಕೆ 30,000. ನಮ್ಮ ರಾಜ್ಯದಲ್ಲಿ ಇದಕ್ಕೆ ದೀಪಿಕಾ ಎಂದು ಹೆಸರು. ಈ 30,000 ಮೂರು ವರ್ಷ ಬಂದರೆ 90,000. ಮೇಲೆ ಹೇಳಿದ ಒಂದೂಕಾಲು ಲಕ್ಷದ ಸಾಲದಲ್ಲಿ ಮುಕ್ಕಾಲು ಭಾಗ ಅಲ್ಲೇ ಕರಗಿತು. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರ ಬೇಕು. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯೂ ಬೇಕು. ಪಿಯುಸಿ ಫಲಿತಾಂಶಕ್ಕೆ ಮುಂಚೆಯೇ ನಾಡಕಚೇರಿಗೆ ಹೋಗಿ ಮಾಡಿಸಿಟ್ಟುಕೊಳ್ಳಿ.

ಡೈರಿ ಕಡೆ ಆಸಕ್ತಿ ಇರುವವರಿಗೆ ಹೆಬ್ಬಾಳದಲ್ಲೇ ಡೈರಿ ವಿಜ್ಞಾನ ಕಾಲೇಜು ಇದೆ. ಇದಕ್ಕೆ ಸಿಇಟಿ ಮೂಲಕ ಹೋಗಬೇಕು. ಇಂಥ ಕೋರ್ಸುಗಳಿಗೆ ರೈತರ ಮಕ್ಕಳ ಕೋಟಾ ಇದೆ. ಕೆಮಿಸ್ಟ್ರಿ ಇಷ್ಟ, ಆದರೆ ಬೇಗ ಕೆಲಸ ಬೇಕು ಎನ್ನುವವರು ಬಿಎಸ್ಸಿಗೆ ಸಾಲ ಮಾಡುವ ಮುಂಚೆ ಇದನ್ನೊಮ್ಮೆ ನೋಡಬೇಕು.

"ಒಳ್ಳೆ ಕಾಲೇಜಾದರೆ ಕೆಲಸ ಗ್ಯಾರಂಟಿ" ಅನ್ನುವವರಿಗೆ

ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಕೆಲವು ಖಾಸಗಿ ಕಾಲೇಜುಗಳಲ್ಲಿ ಲ್ಯಾಬ್ ಚೆನ್ನಾಗಿದೆ, ಇಂಗ್ಲಿಷ್ ಮಾತಾಡುವ ಧೈರ್ಯ ಬರುತ್ತದೆ, ಕಂಪನಿಗಳೂ ಬರುತ್ತವೆ. ಆದರೆ ಬರುವ ಕಂಪನಿ ಯಾವುದು, ಕೊಡುವ ಕೆಲಸ ಯಾವುದು ನೋಡಿ. ಕೆಮಿಸ್ಟ್ರಿ ಓದಿದವರನ್ನು ಕಾಲ್ ಸೆಂಟರಿಗೋ ಬಿಲ್ಲಿಂಗ್ ಕೆಲಸಕ್ಕೋ ತೆಗೆದುಕೊಂಡರೂ ಬ್ರೋಷರ್‌ನಲ್ಲಿ ಪ್ಲೇಸ್‌ಮೆಂಟ್ ಎಂದೇ ಬರೆಯುತ್ತಾರೆ. ಆ ಕೆಲಸ ಕೀಳಲ್ಲ. ಆದರೆ ಅದಕ್ಕೆ ಯಾವ ಡಿಗ್ರಿಯಾದರೂ ಸಾಕಿತ್ತು, ಮೂರು ಲಕ್ಷದ ಕೆಮಿಸ್ಟ್ರಿ ಬೇಕಾಗಿರಲಿಲ್ಲ.

"ಹಾಗಾದರೆ ಸಾಲ ಮಾಡಿ ಎಂಜಿನಿಯರಿಂಗೇ ಓದಿಸೋಣ" ಅನ್ನುವುದೂ ಉತ್ತರವಲ್ಲ. ಅಲ್ಲಿ ಸಾಲ ಇನ್ನೂ ದೊಡ್ಡದು. ಅಲ್ಲಿಯೂ ಇದೇ ತಕ್ಕಡಿಯಲ್ಲಿ ತೂಗಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: "ಮದುವೆ ಆಗಿ ಹೋಗುವವಳು, ಅವಳಿಗೆ ಸಾಲ ಯಾಕೆ?" ನಾವು ಬಿಎಸ್ಸಿಗೆ ಸಾಲ ಬೇಡ ಅಂದದ್ದನ್ನು ಯಾರೂ ಈ ಮಾತಿಗೆ ಆಸರೆಯಾಗಿ ಹಿಡಿಯಬಾರದು. ಮದುವೆಗೆ ಮೂರು ಲಕ್ಷ ಕೈಸಾಲ ತರುವ ಮನೆ, ಎಂಎಸ್ಸಿಗೆ 1 ಲಕ್ಷ 20 ಸಾವಿರ ಬ್ಯಾಂಕ್ ಸಾಲಕ್ಕೆ ಹಿಂದೆಮುಂದೆ ನೋಡಿದರೆ ಅಲ್ಲಿ ಕೊರತೆ ಇರುವುದು ದುಡ್ಡಿನದಲ್ಲ. ಹಲವು ಬ್ಯಾಂಕುಗಳು ಹೆಣ್ಣುಮಕ್ಕಳ ಶಿಕ್ಷಣ ಸಾಲಕ್ಕೆ ನೂರಕ್ಕೆ ಅರ್ಧ ರೂಪಾಯಿ ಬಡ್ಡಿ ಕಡಿಮೆ ಮಾಡುತ್ತವೆ. ಕೇಳಿ ಪಡೆಯಿರಿ.

ಸರ್ಕಾರ ಮಾಡಬೇಕಾದದ್ದು

ಮನೆಯವರಿಗೆ ಬುದ್ಧಿ ಹೇಳಿ ಸುಮ್ಮನಾದರೆ ಅದು ಅರ್ಧ ಮಾತು.

ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಗಂಧ ಯುರೋಪಿಗೆ ಹೋಗದೆ ಬಿದ್ದುಕೊಂಡಾಗ, ಅದನ್ನು ಎಣ್ಣೆ ಮಾಡಿ, ಸೋಪು ಮಾಡಿ ಮಾರುವ ಯೋಚನೆ ಬಂತು. ಸೋಪಿನ ತಂತ್ರ ಕಲಿಯಲು ಎಸ್.ಜಿ. ಶಾಸ್ತ್ರಿ ಎಂಬ ಕೆಮಿಸ್ಟ್ರಿ ಓದಿದ ತರುಣನನ್ನು ಸಂಸ್ಥಾನವೇ ಇಂಗ್ಲೆಂಡಿಗೆ ಕಳಿಸಿತು. ಅವರು ಕಲಿತು ಬಂದು ರೂಪಿಸಿದ ಮೈಸೂರು ಸ್ಯಾಂಡಲ್ ಸೋಪು ನೂರು ವರ್ಷದ ನಂತರವೂ ಸರ್ಕಾರಕ್ಕೆ ಲಾಭ ತರುತ್ತಿದೆ. ಯಶವಂತಪುರದ ಹತ್ತಿರ ಮೆಟ್ರೊ ನಿಲ್ದಾಣಕ್ಕೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದು ಹೆಸರಿದೆ. ಒಬ್ಬ ಕೆಮಿಸ್ಟ್‌ನ ಓದಿಗೆ ರಾಜ್ಯ ಹಾಕಿದ ದುಡ್ಡು ರಾಜ್ಯಕ್ಕೇ ವಾಪಸ್ ಬಂತು.

ಇವತ್ತು ಏನಾಗಿದೆ? ಕೇಂದ್ರದ ಬಡ್ಡಿ ಸಹಾಯಧನ ವರ್ಷಕ್ಕೆ 4.5 ಲಕ್ಷದೊಳಗಿನ ಆದಾಯದ ಮನೆಗಳಿಗೆ ಸಿಗುತ್ತದೆ, ಆದರೆ ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಒಳ್ಳೆಯ ಯೋಜನೆ: ಅಡಮಾನ ಇಲ್ಲ, ಜಾಮೀನು ಇಲ್ಲ, ವರ್ಷಕ್ಕೆ 8 ಲಕ್ಷದವರೆಗಿನ ಆದಾಯದ ಮನೆಗಳಿಗೆ ನೂರಕ್ಕೆ 3 ಬಡ್ಡಿ ರಿಯಾಯಿತಿ. ಆದರೆ ಅದು ರ‍್ಯಾಂಕಿಂಗ್‌ನಲ್ಲಿ ಮೇಲಿರುವ 860 ಸಂಸ್ಥೆಗಳಿಗೆ ಎಂದು ಶುರುವಾಯಿತು. ಹಳ್ಳಿಯ ಮಕ್ಕಳು ಬಿಎಸ್ಸಿ ಓದುವ ಸಾಮಾನ್ಯ ಪದವಿ ಕಾಲೇಜು ಆ ಪಟ್ಟಿಯಲ್ಲಿ ಬರುವುದು ಅಪರೂಪ. ರಾಜ್ಯದ ನಿಗಮಗಳು ನೂರಕ್ಕೆ 2ರಂತೆ ಕೊಡುವ ಅರಿವು ಸಾಲ ಸಿಇಟಿಯಿಂದ ಹೋಗುವ ವೃತ್ತಿಪರ ಕೋರ್ಸುಗಳ ಕಡೆಗೇ ಇದೆ. ಅಂದರೆ ಹೆಚ್ಚು ಗಳಿಸುವ ಓದಿಗೆ ಅಗ್ಗದ ಸಾಲ, ಕಡಿಮೆ ಗಳಿಸುವ ಓದಿಗೆ ತುಟ್ಟಿ ಸಾಲ.

ಓದು ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000ದಂತೆ ಎರಡು ವರ್ಷ, ಒಟ್ಟು 72,000ದವರೆಗೆ ಕೊಡುತ್ತಾರೆ. ಮುಂದೆ ಓದಲು ಹೋದವರಿಗೆ ಅದು ಇಲ್ಲ. ಯುವನಿಧಿ ಬೇಡ ಎಂದು ನಾವು ಹೇಳುತ್ತಿಲ್ಲ. ಅದರ ಪಕ್ಕದಲ್ಲೇ, ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ ಎಂಎಸ್ಸಿಗೆ ಸೇರುವ ಮಕ್ಕಳಿಗೆ ಅರಿವು ಮಾದರಿಯಲ್ಲಿ ನೂರಕ್ಕೆ 2ರ ಸಾಲ ಕೊಡಿ ಎಂಬುದು ನಮ್ಮ ಬೇಡಿಕೆ. ಜೊತೆಗೆ ಪ್ರತಿ ಕಾಲೇಜೂ ಹೋದ ವರ್ಷ ಬಿಎಸ್ಸಿ ಮುಗಿಸಿದವರಲ್ಲಿ ಎಷ್ಟು ಜನ ಯಾವ ಕೆಲಸಕ್ಕೆ ಸೇರಿದರು, ಮೊದಲ ಸಂಬಳ ಎಷ್ಟು ಎಂಬುದನ್ನು ಗೇಟಿನ ಬೋರ್ಡಿನಲ್ಲಿ ಹಾಕುವಂತೆ ಮಾಡಿ. ಡೈರಿಯಲ್ಲಿ ಫ್ಯಾಟ್ ಎಷ್ಟು ಬಂತೆಂದು ಚೀಟಿ ಕೊಡುತ್ತಾರೆ. ಕಾಲೇಜು ಯಾಕೆ ಕೊಡಬಾರದು?

ಸಹಿ ಹಾಕುವ ಮುಂಚೆ

ಶಿಕ್ಷಣ ಸಾಲದಲ್ಲಿ ಅಪ್ಪ ಅಥವಾ ಅಮ್ಮ ಜೊತೆ ಸಾಲಗಾರರು. ಕಂತು ತಪ್ಪಿದರೆ ಮಗಳ ಹೆಸರಿನ ಜೊತೆ ಅಪ್ಪನ ಸಿಬಿಲ್ ಕೂಡ ಕೆಡುತ್ತದೆ. ನಾಳೆ ಟ್ರ್ಯಾಕ್ಟರ್ ಸಾಲಕ್ಕೋ, ಬೆಳೆ ಸಾಲಕ್ಕೋ ಹೋದಾಗ ಅದು ಎದುರು ನಿಲ್ಲುತ್ತದೆ. ಹಾಗಾಗಿ ಸಹಿ ಹಾಕುವ ಮುಂಚೆ ಇಷ್ಟು ಮಾಡಿ.

1. ಆ ಕಾಲೇಜಿನಲ್ಲಿ ಹೋದ ವರ್ಷ ಅದೇ ಕೋರ್ಸ್ ಮುಗಿಸಿದ ಇಬ್ಬರನ್ನು ಹುಡುಕಿ. ಕೈಗೆ ಎಷ್ಟು ಬರುತ್ತದೆ ಎಂದು ಕೇಳಿ. ಕಾಲೇಜಿನ ಆಫೀಸಿನಲ್ಲಿ ಕೇಳಬೇಡಿ, ಅವರನ್ನೇ ಕೇಳಿ.

2. ಬ್ಯಾಂಕಿನಲ್ಲಿ ಮೂರು ಅಂಕಿ ಬರೆಸಿಕೊಳ್ಳಿ: ಕಂತು ಶುರುವಾಗುವ ದಿನ ಸಾಲ ಎಷ್ಟಾಗಿರುತ್ತದೆ, ತಿಂಗಳ ಕಂತು ಎಷ್ಟು, ಒಟ್ಟು ಎಷ್ಟು ಕಟ್ಟಬೇಕು.

3. "ನಿಮ್ಮ ಊರು ನಮ್ಮ ಬ್ರಾಂಚಿಗೆ ಬರಲ್ಲ" ಎಂದು ಸಾಲದ ಅರ್ಜಿ ವಾಪಸ್ ಕಳಿಸುವಂತಿಲ್ಲ. ಇದನ್ನೂ ರಿಸರ್ವ್ ಬ್ಯಾಂಕ್ ಹೇಳಿದೆ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲೂ ಹಾಕಿ, ದಾಖಲೆ ಉಳಿಯುತ್ತದೆ.

4. ಸಾಲ ತೆಗೆದರೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಬನ್ನಿ. 3 ಲಕ್ಷದ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ 833 ರೂಪಾಯಿ ಅಷ್ಟೇ. ಹೀಗೆ ಕಟ್ಟಿದರೆ ಕೊನೆಯಲ್ಲಿ ಸುಮಾರು 35,000 ಉಳಿಯುತ್ತದೆ. ಇದಕ್ಕೆ ಬಡ್ಡಿ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಕೇಳಿ.

5. ಕಂತು, ಉಳಿತಾಯದ ಅರ್ಧ ದಾಟಿದರೆ ಸಹಿ ಹಾಕಬೇಡಿ. ಕಾಲೇಜು ಬದಲಿಸಿ, ಓದನ್ನು ಬಿಡಿಸಬೇಡಿ.

ಕೊನೆಯ ಮಾತೇ ಮುಖ್ಯ. ಸಾಲದ ಭಯಕ್ಕೆ ಓದು ಬಿಡಿಸಿದ ಮನೆಗಳೂ ನಮ್ಮ ನಡುವೆ ಇವೆ, ಸಾಲ ಮಾಡಿ ಓದಿಸಿ ಸೋತು ಕೂತ ಮನೆಗಳೂ ಇವೆ. ಎರಡರ ನಡುವೆ ಒಂದು ದಾರಿ ಇದೆ. ಊರಿನಿಂದ ಓಡಾಡಿ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಓದಿದವಳ ಮಾರ್ಕ್ಸ್ ಕಾರ್ಡಿನ ಮೇಲೂ, ಮೂರು ಲಕ್ಷ ಕೊಟ್ಟು ಓದಿದವಳದರ ಮೇಲೂ ಕೆಮಿಸ್ಟ್ರಿ ಎಂದೇ ಬರೆದಿರುತ್ತದೆ. ಪಿಯುಸಿ ಮುಗಿಸಿದ ಮಕ್ಕಳಿರುವ ಮನೆ ನಿಮಗೆ ಗೊತ್ತಿದ್ದರೆ, ಅಡ್ಮಿಶನ್ ಮುಗಿಯುವ ಮುಂಚೆ ಅವರ ಜೊತೆ ಕೂತು ಒಂದು ಹಾಳೆಯ ಮೇಲೆ ಈ ಲೆಕ್ಕ ಹಾಕಿ.